ಗದ್ದಲದ ಮಗ್ಗುಲಲ್ಲಿ ತೇಗದ ತಂಪು

ಕೆ.ಆರ್. ಮಾರುಕಟ್ಟೆಯ ಹೂರಾಶಿ, ಬಸ್ಸುಗಳ ಹಾರನ್ನು ದಾಟಿ, ಕೋಟೆ ವೆಂಕಟರಮಣ ದೇವಸ್ಥಾನದ ಪಕ್ಕಕ್ಕೆ ಹೊರಳಿದರೆ ಬೆಂಗಳೂರು ತಟ್ಟನೆ ದನಿ ತಗ್ಗಿಸುತ್ತದೆ. ಹುಲ್ಲುಹಾಸು, ಹೂಪಾತಿಗಳು, ಅವುಗಳಾಚೆ ಟಿಪ್ಪುವಿನ ಬೇಸಿಗೆ ಅರಮನೆ. ಹೈದರ್ ಅಲಿ ಶುರುಮಾಡಿದ ಕಟ್ಟಡ, ಮಗ ಮುಗಿಸಿದ್ದು 1791ರಲ್ಲಿ.

ಅರಮನೆಯೆಂದರೆ ಕಣ್ಣು ಕುಕ್ಕುವ ವೈಭವವಲ್ಲ. ಎರಡೇ ಅಂತಸ್ತು. ಇಲ್ಲಿ ಅರಸು ಯಾರೆಂದರೆ ತೇಗ. ಉದ್ದುದ್ದ ಗೀರಿನ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತಿವೆ. ನೆಲದ ತೇವ ಮರಕ್ಕೆ ಏರಬಾರದೆಂಬ ಬಡಗಿಯ ವಿವೇಕ ಅದು. ಕಂಬದಿಂದ ಕಂಬಕ್ಕೆ ದಳದಳವಾಗಿ ಬಾಗಿದ ಕಮಾನುಗಳು. ಮೇಲೇರಿದರೆ ದರ್ಬಾರಿನ ಮೊಗಸಾಲೆ. ಗೋಡೆಗಳಲ್ಲಿ ಮಾಸಿದ ಹೂಬಳ್ಳಿಯ ಚಿತ್ತಾರ. ಬಣ್ಣ ಅಳಿದಲ್ಲೂ ಕುಂಚದ ಓಟ ಕಾಣುತ್ತದೆ.

ಇದನ್ನು ‘ರಶ್ಕ್-ಎ-ಜನ್ನತ್’, ಸ್ವರ್ಗವೂ ಕರುಬುವ ತಾಣ ಎಂದು ಕರೆದರಂತೆ. ಟಿಪ್ಪು 1799ರಲ್ಲಿ ಮಡಿದ. ಮುಂದೆ ಬ್ರಿಟಿಷರ ಕಾಲದಲ್ಲಿ ಇಲ್ಲೇ ಸರ್ಕಾರಿ ಕಚೇರಿಗಳು ನಡೆದವು. 1868ರಲ್ಲಿ ಅವು ಅಠಾರಾ ಕಚೇರಿಗೆ ಹೋದವು. ಕಡತ ಹೊತ್ತ ಗುಮಾಸ್ತರೂ ಈ ಕಮಾನುಗಳ ಕೆಳಗೆ ಒಮ್ಮೆ ತಲೆಯೆತ್ತಿ ನೋಡಿರಲಾರರೇ?

ಮಟಮಟ ಮಧ್ಯಾಹ್ನ ಹೋಗಿ. ಹೊರಗೆ ಬಿಸಿಲು ಕಾಯುತ್ತಿರುವಾಗ ಒಳಗೆ ಕಂಬಕ್ಕೆ ಅಂಗೈ ಒತ್ತಿದರೆ ಸಾಕು, ‘ಬೇಸಿಗೆ ಅರಮನೆ’ ಎಂಬ ಹೆಸರಿನ ಅರ್ಥ ಚರ್ಮಕ್ಕೇ ತಿಳಿಯುತ್ತದೆ.