ಎತ್ತರವಿಲ್ಲದ ನಕ್ಷೆಗಳು

ಗೊರೂರಿನ ಹೇಮಾವತಿ ನೀರು ಬಾಗೂರು–ನವಿಲೆ ಸುರಂಗ ದಾಟಿ ತಿಪಟೂರು, ತುರುವೇಕೆರೆ ಕಡೆಗೆ ಬರುವುದು ಇಳಿಜಾರನ್ನು ನಂಬಿ. ದೊಡ್ಡ ನಾಲೆಯಲ್ಲಿ ಸಾವಿರಾರು ಅಡಿ ಉದ್ದಕ್ಕೆ ಒಂದಡಿ ಇಳಿತ ಸಿಕ್ಕರೆ ನೀರು ನಡೆಯುತ್ತದೆ. ಅದೂ ಸಿಗದಿದ್ದರೆ ನಿಲ್ಲುತ್ತದೆ. ತೆಂಗಿನ ತೋಟಕ್ಕೆ ಉದಿ ಬದು ಹಾಕುವ ರೈತನಿಂದ ಹಿಡಿದು ಕೆರೆ ತುಂಬಿಸುವ ಎಂಜಿನಿಯರ್‌ವರೆಗೆ ಎಲ್ಲರ ಲೆಕ್ಕವೂ ಮಟ್ಟದ ಮೇಲೆಯೇ ನಿಂತಿದೆ. ಇಂಥ ಸೀಮೆಗಾಗಿ ಕಂಪ್ಯೂಟರಿನಲ್ಲಿ ತಯಾರಾಗುವ ನಕ್ಷೆಗಳು ಉದ್ದಗಲಕ್ಕೆ ತೋರುವ ಶ್ರದ್ಧೆಯನ್ನು ಎತ್ತರಕ್ಕೆ ತೋರುವುದಿಲ್ಲ ಎಂಬುದೇ ನನ್ನ ತಕರಾರು.

ಕೆರೆಯ ಹೂಳೆತ್ತುವ ಕಾಮಗಾರಿಯ ಆಟೋಕ್ಯಾಡ್ ಫೈಲೊಂದನ್ನು ತೆರೆದು ನೋಡಿ. ಏರಿ, ತೂಬು, ಕೋಡಿ, ಅಂಗಳ ಎಲ್ಲವೂ ಅಚ್ಚುಕಟ್ಟು. ಪ್ರತಿ ಗುರುತಿನ ಪಕ್ಕ 846.250, 845.900 ಎಂಬಂತೆ ಲೆವೆಲ್ ಬರೆದಿರುತ್ತದೆ. ಆದರೆ ಆ ಗುರುತನ್ನೇ ಕ್ಲಿಕ್ ಮಾಡಿದರೆ ಝಡ್ ಬೆಲೆ, ಅಂದರೆ ಎತ್ತರ, ಸೊನ್ನೆ! ಬರೆದದ್ದು ಬರೀ ಅಕ್ಷರ. ತಂತ್ರಾಂಶದ ಪಾಲಿಗೆ ಏರಿಯ ನೆತ್ತಿಯೂ ತೂಬಿನ ಬಾಯಿಯೂ ಒಂದೇ ಮಟ್ಟದಲ್ಲಿವೆ. ಹೂಳಿನ ಪ್ರಮಾಣ ಲೆಕ್ಕ ಹಾಕಬೇಕಾದಾಗ ಯಾರೋ ಆ ಅಂಕಿಗಳನ್ನು ಕೈಯಿಂದ ಮತ್ತೆ ತುಂಬಬೇಕು. ತಪ್ಪು ನುಸುಳುವುದು ಅಲ್ಲೇ.

ಹೀಗೇಕಾಗುತ್ತದೆ ಎಂಬುದು ಅರ್ಥವಾಗುವಂಥದೇ. ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣದಿಂದ ಬಂದ ಬಿಂದುಗಳಿಗೆ ಎತ್ತರವಿರುತ್ತದೆ. ಅವುಗಳನ್ನು ಹಿಡಿದು ಗೆರೆ ಎಳೆದಾಗ, ಮೇಲಿನಿಂದ ನೋಡಿದರೆ ಮುಟ್ಟಿದಂತೆ ಕಾಣುವ ಎರಡು ಗೆರೆಗಳು ಬೇರೆ ಬೇರೆ ಎತ್ತರದಲ್ಲಿದ್ದು, ಗೆರೆ ಕೂಡಿಸುವ ಫಿಲೆಟ್ ಆಜ್ಞೆ ಕೊಟ್ಟರೂ ಕೂಡುವುದಿಲ್ಲ. ಒಂದು ತುದಿ ಸೊನ್ನೆಯಲ್ಲಿ, ಮತ್ತೊಂದು 846ರಲ್ಲಿ ಉಳಿದರೆ ನೆಲದ ಮೇಲೆ 100 ಮೀಟರಿರುವ ಪೈಪು ಅಳತೆಯಲ್ಲಿ ಸುಮಾರು 852 ಮೀಟರ್ ಆಗುತ್ತದೆ. ಬೇಸತ್ತ ಡ್ರಾಫ್ಟ್ಸ್‌ಮನ್ ಫ್ಲಾಟನ್ ಆಜ್ಞೆ ಕೊಟ್ಟು ಎಲ್ಲವನ್ನೂ ಸೊನ್ನೆಗೆ ಇಳಿಸುತ್ತಾನೆ. ಮನೆಯ ಪ್ಲಾನಿಗೆ ಅದು ಸರಿ. ಕೆರೆಯ ನಕ್ಷೆಗೆ ಅದು ಸರ್ವೆಯನ್ನೇ ಅಳಿಸಿಹಾಕಿದಂತೆ. ಆಸ್ನ್ಯಾಪ್‌ಝಡ್ ಎಂಬ ಸೆಟ್ಟಿಂಗಿನ ಬೆಲೆಯನ್ನು 1 ಮಾಡಿದರೆ ಬಿಂದುಗಳ ಎತ್ತರ ಹಾಗೇ ಉಳಿದು, ಹೊಸ ಗೆರೆ ಮಾತ್ರ ಸಮತಟ್ಟಾಗಿ ಬರುತ್ತದೆ. ಈ ಸೌಲಭ್ಯ ಬಳಸುವವರು ಕಡಿಮೆ. ತಂತ್ರಾಂಶದ ತಪ್ಪೂ ಇದೆ. ಹೊಸ ಗೆರೆಗಳ ಎತ್ತರ ನಿರ್ಧರಿಸುವ ಎಲಿವೇಶನ್ ಬೆಲೆಯನ್ನು ಒಮ್ಮೆ ಬದಲಿಸಿದರೆ ಅದು ಫೈಲಿನಲ್ಲೇ ಉಳಿಯುತ್ತದೆ, ಮುಂದೆ ಕೂತವನಿಗೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಬೆಂಚ್ ಮಾರ್ಕಿನದು, ಅಂದರೆ ಎತ್ತರ ಅಳೆಯಲು ಆಧಾರವಾದ ಗುರುತಿನದು. ಭಾರತದ ಸಮುದ್ರಮಟ್ಟದ ಆಧಾರ 1909ರಲ್ಲಿ ಒಂಬತ್ತು ಬಂದರುಗಳ ಉಬ್ಬರವಿಳಿತದ ಅಳತೆಯಿಂದ ನಿಂತದ್ದು. ನಮ್ಮ ಕಾರವಾರ ಅವುಗಳಲ್ಲೊಂದು. ಆ ಮಟ್ಟವನ್ನು ಊರತನಕ ತರುವ ಶ್ರಮ ತಪ್ಪಿಸಲು ಮೋರಿಯ ಕಟ್ಟೆಗೋ ಗುಡಿಯ ಮೆಟ್ಟಿಲಿಗೋ 100.000 ಎಂದು ಇಟ್ಟುಕೊಳ್ಳುವುದು ರೂಢಿ. ಒಂದು ಕೃಷಿ ಹೊಂಡಕ್ಕೆ ಅಷ್ಟು ಸಾಕು. ಎರಡು ಕೆರೆಗಳನ್ನು ಜೋಡಿಸಲು ಹೊರಟಾಗ ಒಂದರ 100ಕ್ಕೂ ಇನ್ನೊಂದರ 100ಕ್ಕೂ ಸಂಬಂಧವೇ ಇರುವುದಿಲ್ಲ. ಜಿಪಿಎಸ್ ಉಪಕರಣದ ಕಚ್ಚಾ ಎತ್ತರವನ್ನು ಹಾಗೇ ತುಂಬುವುದೂ ಅಪಾಯವೇ. ಅದು ನಮ್ಮ ಭಾಗದಲ್ಲಿ ಸಮುದ್ರಮಟ್ಟದ ಲೆಕ್ಕಕ್ಕಿಂತ 80 ಮೀಟರಿಗೂ ಮೀರಿ ಕೆಳಗೆ ತೋರಿಸುತ್ತದೆ. ಎರಡು ನದಿಗಳಿಗೆ ನೀರು ಹಂಚುವ ನಮ್ಮ ಸೀಮೆಯಲ್ಲಿ ಇಂಥ ತಪ್ಪು ಸಣ್ಣದಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆಯ ನೀರು ಸುವರ್ಣಮುಖಿ, ವೇದಾವತಿಗಳ ಮೂಲಕ ಕೃಷ್ಣೆಯ ಕಡೆಯದು. ತುರುವೇಕೆರೆ ಬದಿಯ ಹಳ್ಳಗಳು ಶಿಂಷೆ ಸೇರಿ ಕಾವೇರಿಗೆ ಹೋಗುತ್ತವೆ. ನಡುವಿನ ದಿಣ್ಣೆಯಲ್ಲಿ ಲೆವೆಲ್ ತಪ್ಪಿದರೆ ನೀರಿನ ದಿಕ್ಕೇ ತಪ್ಪಿತು.

ನನಗೆ ಅತಿ ಕಳವಳ ತರುವುದು ಸರ್ವೆಯನ್ನೇ ಬಿಟ್ಟು ಉಚಿತ ದತ್ತಾಂಶದಿಂದ ಕಾಂಟೂರ್ (ಸಮ ಎತ್ತರದ ಗೆರೆ) ಎಳೆಯುವ ಅಭ್ಯಾಸ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ದತ್ತಾಂಶದಲ್ಲಿ ಸುಮಾರು 30 ಮೀಟರ್ ಚೌಕಕ್ಕೆ ಒಂದೇ ಅಂಕಿ, ಅದೂ ಪೂರ್ಣ ಮೀಟರಿನಲ್ಲಿ. ದಟ್ಟ ತೆಂಗಿನ ತೋಟದಲ್ಲಿ ಆ ರೇಡಾರ್ ಪೂರ್ತಿ ನೆಲ ಮುಟ್ಟದೆ ಗರಿಗೂ ಮಣ್ಣಿಗೂ ನಡುವೆ ಎಲ್ಲೋ ಪ್ರತಿಫಲಿಸುತ್ತದೆ. ಹಾಗಾಗಿ ತಗ್ಗಿನ ತೋಟ ದಿಬ್ಬವಾಗಿ, ಪಕ್ಕದ ರಾಗಿ ಹೊಲ ಹಳ್ಳವಾಗಿ ಕಾಣಬಹುದು. ತಂತ್ರಾಂಶ ಮಾತ್ರ ಕೇಳಿದಷ್ಟು ಹತ್ತಿರಕ್ಕೆ, ಅರ್ಧ ಮೀಟರಿಗೊಂದರಂತೆ, ನುಣುಪಾದ ಗೆರೆಗಳನ್ನು ಎಳೆದುಕೊಡುತ್ತದೆ. ನೋಡಲು ಚೆಂದ, ಉದಿ ಬದುವಿಗೆ ನಿರುಪಯೋಗಿ.

ಟೆಂಡರಿನ ಷರತ್ತಿನಲ್ಲಿ ಮೂರು ಮಾತು ಸೇರಿಸಿದರೆ ಬಹಳಷ್ಟು ಸರಿಹೋದೀತು: ಪ್ರತಿ ಬಿಂದುವಿಗೂ ನಿಜವಾದ ಝಡ್ ಬೆಲೆ ಇರಲಿ, ಬೆಂಚ್ ಮಾರ್ಕ್ ಯಾವ ಕಲ್ಲಿನ ಮೇಲಿದೆ, ಅದರ ಎತ್ತರ ಎಲ್ಲಿಂದ ಬಂತು ಎಂಬುದನ್ನು ನಕ್ಷೆಯಲ್ಲಿ ಬರೆಯಲಿ, ಸಮತಟ್ಟು ಮಾಡಿದ ಪ್ರತಿಯ ಜೊತೆಗೆ ಮೂಲ ಸರ್ವೆ ಫೈಲನ್ನೂ ಒಪ್ಪಿಸಲಿ.