ವರದಿಯೊಳಗಿನ ಹೆಂಗಸರು

ವಿಮರ್ಶಕರು ಕಥೆ, ಕಾದಂಬರಿ, ಕವನ ಸಂಕಲನಗಳನ್ನು ತೂಗಿ ನೋಡುತ್ತಾರೆ. ಸ್ವಯಂಸೇವಾ ಸಂಸ್ಥೆಗಳ ವಾರ್ಷಿಕ ವರದಿಯನ್ನು ಯಾರಾದರೂ ವಿಮರ್ಶೆಗೆ ಎತ್ತಿಕೊಂಡದ್ದನ್ನು ನಾನಂತೂ ಕಂಡಿಲ್ಲ. ಎತ್ತಿಕೊಳ್ಳಬೇಕು. ಯಾಕೆಂದರೆ ಹಳ್ಳಿಯ ಹೆಂಗಸರನ್ನು ಕುರಿತು ವರ್ಷ ವರ್ಷವೂ ತಪ್ಪದೆ ಅಚ್ಚಾಗುವ ಪುಸ್ತಕ ಬಹುಶಃ ಅದೊಂದೇ.

ಶೃಂಗೇರಿ, ಕೊಪ್ಪದ ಕಡೆ ಕೆಲಸ ಮಾಡುವ ಒಂದು ಸಂಸ್ಥೆಯ ವರದಿ ನನ್ನ ಕೈಗೆ ಬಂತು. ಹೆಸರು ಬೇಡ, ಇಂಥ ವರದಿಗಳೆಲ್ಲ ಅಕ್ಕತಂಗಿಯರ ಹಾಗೆ, ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದಂತೆ. ನುಣುಪು ಕಾಗದ, ಒಳ್ಳೆಯ ಇಂಗ್ಲಿಷು. ಪುಟಕ್ಕೊಂದು ಫೋಟೋ: ಸಸಿ ನೆಡುವ ಹೆಂಗಸರು, ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸರು, ನಗಿ ಎಂದು ಹೇಳಿದ್ದಕ್ಕೆ ನಕ್ಕ ಹೆಂಗಸರು. ಉದ್ಘಾಟನೆಗೆ ಬಂದ ಗಣ್ಯರ ಫೋಟೋದ ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ಹೆಸರಿದೆ. ಹೆಂಗಸರ ಫೋಟೋದ ಕೆಳಗೆ ಒಂದೇ ಮಾತು: ಫಲಾನುಭವಿಗಳು.

ಕೊನೆಯ ಪುಟದಲ್ಲಿ ಲೆಕ್ಕ. ‘ತರಬೇತಿ ಮತ್ತು ಸಬಲೀಕರಣ’ ಎಂಬ ಒಂದೇ ಸಾಲಿನಲ್ಲಿ ಹಲವು ಲಕ್ಷ ರೂಪಾಯಿ ಕರಗಿಹೋಗಿದೆ. ಹೊಲಿಗೆ ಕಲಿಸಿದಾಕೆಗೆ ಎಷ್ಟು ಕೊಟ್ಟರು, ಜೀಪಿನ ಬಾಡಿಗೆಗೆ ಎಷ್ಟಾಯಿತು, ಕಲಿತವರಲ್ಲಿ ಎಷ್ಟು ಜನ ಈಗ ಹೊಲಿಯುತ್ತಿದ್ದಾರೆ, ಯಾವುದೂ ತಿಳಿಯುವುದಿಲ್ಲ. ಸುಳ್ಳು ಬರೆದಿದ್ದಾರೆ ಎನ್ನುವುದು ನನ್ನ ದೂರಲ್ಲ. ಇಡೀ ವರದಿಯಲ್ಲಿ ಒಂದು ಸೋಲೂ ಇಲ್ಲ ಎನ್ನುವುದು ದೂರು. ಜುಲೈ ತಿಂಗಳಲ್ಲಿ ಹಳ್ಳ ಉಕ್ಕಿ ದಾರಿ ನಿಲ್ಲದ, ಅಡಿಕೆ ಸುಲಿಯುವ ದಿನಗಳಲ್ಲೂ ಹೆಂಗಸರಿಗೆ ಬಿಡುವಿರುವ ಮಲೆನಾಡು ಯಾವುದಪ್ಪಾ! ಇಲ್ಲಿ ಬಾಳಿದವರು ಅದನ್ನು ಓದಿದರೆ ನಂಬಲಾರರು. ಆದರೆ ಅದನ್ನು ಬರೆದದ್ದು ಇಲ್ಲಿಯವರು ಓದಲೆಂದಲ್ಲ.

ನನ್ನ ಮುಖ್ಯ ಆಕ್ಷೇಪಣೆ ಇದೇ. ಲೆಕ್ಕವೆಲ್ಲ ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಬರುವುದಿಲ್ಲ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯಿದೆಯಂತೆ ಸಂಘಗಳು ವರ್ಷಕ್ಕೊಮ್ಮೆ ಲೆಕ್ಕವನ್ನು ನೋಂದಣಾಧಿಕಾರಿಗೆ ಕೊಡಬೇಕು. ತೆರಿಗೆ ಇಲಾಖೆಗೆ ಬೇರೆ ಲೆಕ್ಕ, ದಾನಿಗಳಿಗೆ ಬೇರೆ ಲೆಕ್ಕ. ಹೊರದೇಶದ ಹಣಕ್ಕೆ 2020ರ ತಿದ್ದುಪಡಿ ಇನ್ನೂ ಬಿಗಿಯಾಯಿತು: ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಗೇ ಬರಬೇಕು, ಆಡಳಿತ ವೆಚ್ಚ ನೂರಕ್ಕೆ 50ರ ಬದಲು 20ನ್ನು ಮೀರಬಾರದು. ಸರ್ಕಾರದ ಹಣ ಗಣನೀಯವಾಗಿ ಪಡೆಯುವ ಸಂಸ್ಥೆಗಳು 2005ರ ಮಾಹಿತಿ ಹಕ್ಕು ಕಾಯಿದೆಗೆ ಒಳಪಡುತ್ತವೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. ಇಷ್ಟೆಲ್ಲ ಇದ್ದೂ, ಫೋಟೋದಲ್ಲಿ ನಕ್ಕ ಹೆಂಗಸಿಗೆ ತನ್ನ ಹೆಸರಿನಲ್ಲಿ ಎಷ್ಟು ಹಣ ಬಂತೆಂದು ಗೊತ್ತಿಲ್ಲ.

ಅವಳಿಗೆ ಲೆಕ್ಕ ತಿಳಿಯದು ಅನ್ನಬೇಡಿ. 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಹಳ್ಳಿಗಳ ಹೆಂಗಸರು ಅಂಗನವಾಡಿಯ ಜಗಲಿಯಲ್ಲಿ ಕೂತು ವಾರದ ಉಳಿತಾಯ, ಸಾಲ, ಬಡ್ಡಿ ಎಲ್ಲವನ್ನೂ ಪುಸ್ತಕಕ್ಕೆ ಏರಿಸುತ್ತಿದ್ದಾರೆ. ಹತ್ತು ರೂಪಾಯಿ ಹೆಚ್ಚುಕಮ್ಮಿಯಾದರೆ ಎದ್ದು ಕೇಳುತ್ತಾರೆ. ಅದೇ ಹೆಂಗಸರು ಸಂಸ್ಥೆಯ ಲಕ್ಷಗಳ ಮುಂದೆ ಬಾಯಿ ಬಿಡುವುದಿಲ್ಲ. ಸಂಘದ ಹಣ ತನ್ನದು, ಸಂಸ್ಥೆಯದು ಧರ್ಮದ ಹಣ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎಂದು ನಮಗೆ ಕಲಿಸಿಬಿಟ್ಟಿದ್ದಾರೆ. ಎಮ್ಮೆ ಬಂದದ್ದು ನಮ್ಮ ಹೆಸರು ಹೇಳಿ ಎಂಬುದನ್ನು ಮಾತ್ರ ಹೇಳಿಕೊಟ್ಟಿಲ್ಲ.

ಕೇಳಲಾಗದ ಪ್ರಶ್ನೆ ಸುಮ್ಮನೆ ಕೂರುವುದಿಲ್ಲ, ಅನುಮಾನವಾಗುತ್ತದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಕುದುರೆಮುಖದ ಗಣಿ ನಿಂತಿತು. ಭದ್ರೆಗೆ ಅದು ಒಳ್ಳೆಯದೇ ಆಯಿತು. ಆದರೆ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಮನೆ, ಗದ್ದೆ ಇದ್ದವರಿಗೆ ಒಕ್ಕಲೆಬ್ಬಿಸುವ ಭಯ ಹೊಕ್ಕಿತ್ತು. ಪರಿಸರದ ಮಾತಾಡಿದವರನ್ನೆಲ್ಲ ‘ಇವರ ಹಿಂದೆ ಯಾರ ದುಡ್ಡಿದೆ?’ ಎಂದು ಜನ ನೋಡತೊಡಗಿದರು. ಸ್ವಂತ ಬಸ್‌ಚಾರ್ಜು ಹಾಕಿಕೊಂಡು ಓಡಾಡಿದವರೂ ಅದೇ ಕಣ್ಣಿಗೆ ಗುರಿಯಾದರು. ಅನುಮಾನ ಹಬ್ಬಲು ಅದು ನಿಜವೇ ಆಗಬೇಕಿಲ್ಲ, ಲೆಕ್ಕ ಕಣ್ಣಿಗೆ ಕಾಣದಿದ್ದರೆ ಸಾಕು.

ರಾಜಸ್ಥಾನದಲ್ಲಿ 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಇದಕ್ಕೆ ಬೇರೆ ದಾರಿ ತೋರಿಸಿತು. 1994ರಿಂದ ಹಳ್ಳಿಗಳಲ್ಲಿ ಸಭೆ ಸೇರಿಸಿ ಪಂಚಾಯಿತಿಯ ಖರ್ಚಿನ ಪಟ್ಟಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿತು. ಕೂಲಿ ಪಡೆದವರೆಂದು ಬರೆದಿದ್ದವರೇ ಎದ್ದು ‘ನಮಗೆ ಬಂದಿಲ್ಲ’ ಅಂದರು. ಮಾಹಿತಿ ಹಕ್ಕಿನ ಬೇರು ಅಲ್ಲಿದೆ. ಇತರರ ಲೆಕ್ಕ ಕೇಳಿದ ಆ ಸಂಘಟನೆ ತನ್ನ ಲೆಕ್ಕವನ್ನೂ ಜನರ ಮುಂದೆ ಇಟ್ಟಿತು. ಹಾಗಾಗಿ ಅದರ ಮಾತಿಗೆ ತೂಕ ಬಂತು.

ಸಂಸ್ಥೆಯವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಈಗಾಗಲೇ ಫಾರಂ ತುಂಬಿ ಸಾಕಾಗಿದೆ ಅನ್ನುತ್ತಾರೆ. ಆಡಳಿತ ವೆಚ್ಚವೆಂದರೆ ಎಲ್ಲ ಕಡೆ ಏರ್ ಕಂಡೀಶನ್ ಕೋಣೆಯಲ್ಲ. ಲೆಕ್ಕ ಬರೆಯುವ ಹುಡುಗಿಯ ಸಂಬಳವೂ ಆ ನೂರಕ್ಕೆ 20ರ ಒಳಗೇ ಬರಬೇಕು. ಬಿಗಿ ಕಾನೂನು ದೊಡ್ಡವರಿಗಿಂತ ಚಿಕ್ಕವರನ್ನೇ ಮೊದಲು ಹಿಂಡುತ್ತದೆ. ಆದ್ದರಿಂದಲೇ ನಾನು ಇನ್ನೊಂದು ಕಾನೂನು ಕೇಳುತ್ತಿಲ್ಲ.

ಕೇಳುವುದು ಒಂದು ಹಾಳೆ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಈ ಊರಿನ ಹೆಸರಿನಲ್ಲಿ ಎಷ್ಟು ಬಂತು, ಯಾರು ಕೊಟ್ಟರು, ಸಂಬಳ ಯಾರಿಗೆ ಎಷ್ಟು, ಊರಿಗೆ ಎಷ್ಟು ಮುಟ್ಟಿತು, ಯಾವುದು ಕೈಗೂಡಲಿಲ್ಲ. ಅದನ್ನು ಅಂಗನವಾಡಿಯ ಗೋಡೆಗೆ ಅಂಟಿಸಲಿ. ವರ್ಷಕ್ಕೊಮ್ಮೆ, ಅಡಿಕೆ ಕೊಯ್ಲು ಮುಗಿದ ಮೇಲೆ, ಹೆಂಗಸರನ್ನು ಕೂರಿಸಿ ಗಟ್ಟಿಯಾಗಿ ಓದಲಿ. ಓದುವಾಗ ಯಾರಾದರೂ ‘ಅದು ಹಾಗಲ್ಲ’ ಎಂದರೆ ಅದನ್ನೂ ಬರೆದುಕೊಳ್ಳಲಿ. ಮುಂದಿನ ವರ್ಷದ ವರದಿಯಲ್ಲಿ ಅವಳ ಮಾತು ಇರಲಿ, ಅವಳು ಒಪ್ಪಿದರೆ ಫೋಟೋದ ಕೆಳಗೆ ಅವಳ ಹೆಸರೂ ಇರಲಿ.