ಕಾಂಬಿ ಇರಲಿ, ಹಪ್ಪಳ ತನ್ನಿ

ಈ ಸಲ ಕಾಂಬಿನೇಷನ್, ಅಂದರೆ ಕನ್ವೆಕ್ಷನ್ ಇರುವ ಮೈಕ್ರೊವೇವ್ ಓವನ್ ಪುರಾಣ. ಹಬ್ಬದ ಸೇಲ್ ಶುರುವಾದರೆ ಸಾಕು, ‘ಬರೀ ಮೈಕ್ರೊವೇವ್‌ನ ಸೋಲೋ ಸಾಕಾ, ಕನ್ವೆಕ್ಷನ್ನೇ ಬೇಕಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಿಮ್ಮ ಮನೆಯಲ್ಲಿ ಕೇಕು, ಬಿಸ್ಕತ್ತು, ರೋಸ್ಟ್ ಆಗಾಗ ಆಗುವುದಾದರೆ ಕನ್ವೆಕ್ಷನ್. ಇಲ್ಲವೆಂದರೆ ಸೋಲೋ ಧಾರಾಳ ಸಾಕು.

ಮೈಕ್ರೊವೇವ್ ಮುಖ್ಯವಾಗಿ ಕಾಯಿಸುವುದು ಪದಾರ್ಥದೊಳಗಿನ ನೀರನ್ನು. 2450 ಮೆಗಾಹರ್ಟ್ಸ್ ಅಲೆ ಒಂದೆರಡು ಸೆಂಟಿಮೀಟರ್ ಒಳಹೊಕ್ಕು ತೇವವನ್ನು ಬಿಸಿ ಮಾಡುತ್ತದೆ. ತೇವ ಇರುವ ತನಕ ಶಾಖ 100 ಡಿಗ್ರಿಯ ಆಸುಪಾಸು ದಾಟುವುದಿಲ್ಲ. ಕೆಂಪಗಾಗಿ ಘಮ್ಮೆನ್ನಲು 140 ಆದರೂ ಬೇಕು. ಹಾಗಾಗಿಯೇ ಅಂಗಡಿಯ ಡೆಮೊದಲ್ಲಿ ಮೂರೇ ನಿಮಿಷಕ್ಕೆ ಉಬ್ಬಿ ಬರುವ ಕೇಕು ಕೇಕಲ್ಲ, ಸಿಹಿ ಇಡ್ಲಿ. ಬದನೆಕಾಯಿಯೂ ಒಳಗೆ ಬೇಯುತ್ತದೆಯೇ ಹೊರತು ಸುಡುವುದಿಲ್ಲ. ಸುಟ್ಟ ಬದನೆಕಾಯಿ ಗೊಜ್ಜಿಗೆ ಉರಿಯೇ ಗತಿ. ಈ ಕೊರತೆ ನೀಗಲೆಂದೇ ಕನ್ವೆಕ್ಷನ್‌ನಲ್ಲಿ ಹೀಟರು, ಫ್ಯಾನು. ಕಾಂಬಿ ಮೋಡ್‌ನಲ್ಲಿ ಅಲೆ ಒಳಗನ್ನು ಬೇಯಿಸುವಷ್ಟರಲ್ಲಿ ಬಿಸಿಗಾಳಿ ಹೊರಮೈ ಕೆಂಪಗೆ ಮಾಡುತ್ತದೆ. ಕೋಳಿಗೆ, ಇಡೀ ಆಲೂಗಡ್ಡೆಗೆ ಹೇಳಿ ಮಾಡಿಸಿದ್ದು. ಬ್ರೆಡ್ಡಿಗೆ ಮಾತ್ರ ಬರೀ ಕನ್ವೆಕ್ಷನ್ ಇರಲಿ, ಅಲೆ ತಾಗಿದರೆ ನಾರಾಗುತ್ತದೆ.

‘ಮೈಕ್ರೊವೇವ್‌ನಲ್ಲಿಟ್ಟರೆ ಸತ್ವವೆಲ್ಲ ಹೋಯಿತು’ ಎನ್ನುವ ಪಂಥದವರ ಹಳೇ ಬಾಕಿಯನ್ನೂ ತೀರಿಸಿಬಿಡುತ್ತೇನೆ. ಇವರು ಸೊಪ್ಪನ್ನು ಪಾತ್ರೆ ತುಂಬ ನೀರಿನಲ್ಲಿ ಕುದಿಸಿ, ಬಸಿದು, ನೀರನ್ನು ಸಿಂಕಿಗೆ ಸುರಿಯುತ್ತಾರೆ. ಸಿ ಜೀವಸತ್ವ ಕರಗಿ ಹೋಗುವುದೇ ಆ ನೀರಿನ ಜೊತೆ. ಕಡಿಮೆ ನೀರು, ಕಡಿಮೆ ಹೊತ್ತು ಸಾಕಾದ ಮೈಕ್ರೊವೇವ್‌ನಲ್ಲಿ ಅದು ಹೆಚ್ಚು ಉಳಿಯುತ್ತದೆ. ಬಸ್ಸಾರು ಮಾಡುವವರಿಗೆ ಮಾತ್ರ ನನ್ನ ತಕರಾರಿಲ್ಲ. ಬಸಿದ ನೀರೇ ಅವರ ಸಾರು.

ಇನ್ನು ಕಾಂಬಿ ಸಾಕು, ಹಪ್ಪಳಕ್ಕೆ ಬರೋಣ. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ರೇಡಾರಿನ ಮ್ಯಾಗ್ನೆಟ್ರಾನ್ ಎದುರು ನಿಂತಾಗ ಜೇಬಿನ ಮಿಠಾಯಿ ಕರಗಿತು, ಆಮೇಲೆ ಆತ ಜೋಳ ಅರಳಿಸಿ ನೋಡಿದ ಎಂಬ ಕಥೆ ಪ್ರಸಿದ್ಧ. ಹಪ್ಪಳದ ವಿದ್ಯೆಯೂ ಅದೇ. ಒಣಗಿದ ಹಪ್ಪಳದಲ್ಲಿ ಉಳಿದಿರುವ ಚೂರು ತೇವವೇ ಆವಿಯಾಗಿ ಅದನ್ನು ಉಬ್ಬಿಸುತ್ತದೆ. ಉದ್ದಿನ ಹಪ್ಪಳದ ಎರಡೂ ಬದಿಗೆ ಬೆರಳಿನಲ್ಲಿ ಕೊಬ್ಬರಿ ಎಣ್ಣೆ ಸವರಿ, ಫುಲ್ ಪವರ್‌ನಲ್ಲಿ ಮುಕ್ಕಾಲು ನಿಮಿಷ ಇಡಿ. ಹಸಿ ಉಳಿದ ಕಡೆ ಕಂಡರೆ ಮಗುಚಿ ಇನ್ನೊಂದು ಹತ್ತು ಸೆಕೆಂಡು. ತೆಗೆದಾಗ ಮೆತ್ತಗಿದ್ದರೆ ಹೆದರಬೇಡಿ, ಆರಿದರೆ ಗರಿಗರಿ. ಬಾಣಲೆಯಿಲ್ಲ, ಕರಿದ ಎಣ್ಣೆ ಉಳಿಯುವ ಕಾಟವಿಲ್ಲ. ಮಳೆಗಾಲದಲ್ಲಿ ಮೆತ್ತಗಾದ ಅವಲಕ್ಕಿ, ಚಟ್ನಿಪುಡಿಗೆ ಬೇಕಾದ ಕರಿಬೇವು, ಉಪ್ಪಿಟ್ಟಿನ ರವೆ, ಎಲ್ಲಕ್ಕೂ ಇದೇ ಪೆಟ್ಟಿಗೆ. ರವೆಯನ್ನು ಮಾತ್ರ ನಿಮಿಷಕ್ಕೊಮ್ಮೆ ಕೈಯಾಡಿಸಿ.

ಇಷ್ಟಕ್ಕೆಲ್ಲ ಸೋಲೋ ಸಾಕು. ಆದರೂ ಕನ್ವೆಕ್ಷನ್ನೇ ತರುವಿರಾದರೆ ತನ್ನಿ. ಅದು ಎರಡು ಸಾವಿರ ವ್ಯಾಟ್‌ಗೂ ಮೀರಿ ಎಳೆಯಬಹುದು, ಅಡುಗೆಮನೆಯಲ್ಲಿ 16 ಆಂಪಿಯರ್ ಪ್ಲಗ್ ಇದೆಯೇ ಎಂದು ಮೊದಲು ನೋಡಿಕೊಳ್ಳಿ.